ಬೆಂಡಿನ ಮೇಲೆ ಕಣ್ಣು

ಶಿವರಾತ್ರಿ ಕಳೆದು ಮೂರು ನಾಲ್ಕು ದಿನಕ್ಕೆ ನಮ್ಮೂರ ಕೆರೆ ಏರಿಯ ಮೇಲೆ ವರ್ಷದ ಮೊದಲ ಗಾಳದ ಕೋಲು ಕಾಣಿಸುತ್ತಿತ್ತು. ಅದು ಯಾರದೆಂದು ಕೇಳಬೇಕಾದ್ದೇ ಇರಲಿಲ್ಲ. ತೂಬಿನ ಕಲ್ಲುಕಂಬದಿಂದ ಹತ್ತು ಮಾರು ಆಚೆ, ತಲೆಗೆ ಟವೆಲು ಸುತ್ತಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದವರು ಬೆಸ್ತರ ಬೀದಿಯ ತಾತ. ಊರಿಗೆಲ್ಲ ಅವರು ತಾತನೇ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಯ್ತು ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಮನೆಯಲ್ಲಿ ಕಂಬಳಿ ಒಗೆಯಲು ಹೊರಡುತ್ತಿದ್ದರು. ತಾತ ಅಟ್ಟದಿಂದ ಕೋಲು ಇಳಿಸುತ್ತಿದ್ದರು.

ಶಾಲೆಗೆ ಚಕ್ಕರ್ ಹೊಡೆದು ಅವರ ಪಕ್ಕ ಕೂತ ಮೊದಲ ದಿನ ನಾನು ಕೋಲಿನ ತುದಿಯನ್ನೇ ಎವೆಯಿಕ್ಕದೆ ನೋಡುತ್ತಿದ್ದೆ. ಮೀನು ಕಚ್ಚಿದರೆ ಕೋಲು ಬಗ್ಗುತ್ತದೆ ಎಂದು ಸಿನಿಮಾದಲ್ಲಿ ನೋಡಿದ್ದೆನಲ್ಲ. ತಾತ ತಲೆಗೊಂದು ಮೊಟಕಿ, "ಕೋಲ್ ಯಾಕ್ಲಾ ನೋಡ್ತೀಯೆ? ಕೋಲ್ ಬಗ್ಗೋ ಹೊತ್ಗೆ ಮೀನು ಎರೆ ತಿಂದು ಮನೇಗ್ ಹೋಗಿರ್ತದೆ. ಬೆಂಡ್ ನೋಡು ಮಗ, ಬೆಂಡು" ಎಂದರು. ಅವತ್ತಿನಿಂದ ಮೂವತ್ತು ವರ್ಷ ನಾನು ಬೆಂಡನ್ನು ನೋಡುತ್ತಲೇ ಇದ್ದೇನೆ. ಅದು ಹೇಳುವುದರಲ್ಲಿ ಅರ್ಧ ಈಗ ಅರ್ಥವಾಗುತ್ತದೆ ಎನ್ನಬಹುದು.

ಗಾಳಕ್ಕೆ ಈ ಕಾಲವೇ ಏಕೆ ಎಂಬುದನ್ನು ಮೊದಲು ನೋಡೋಣ. ಮೀನಿಗೆ ತನ್ನದೇ ಆದ ಮೈಬಿಸಿ ಇಲ್ಲ. ನೀರು ಎಷ್ಟು ಬೆಚ್ಚಗೋ ಮೀನಿನ ಮೈಯೂ ಅಷ್ಟೇ ಬೆಚ್ಚಗೆ. ಪುಷ್ಯ ಮಾಘದ ನಡುಗುವ ಬೆಳಗುಗಳಲ್ಲಿ ನೀರು ತಣ್ಣಗಿರುವಾಗ ಅದರ ಜೀರ್ಣಶಕ್ತಿ ಕುಗ್ಗಿ, ಒಮ್ಮೆ ತಿಂದದ್ದು ಕರಗಲು ಹೊತ್ತು ಹಿಡಿಯುತ್ತದೆ. ಹೊಟ್ಟೆ ಖಾಲಿಯಾಗದ ಮೀನು ಎರೆಯನ್ನು ಮೂಸಿಯೂ ನೋಡುವುದಿಲ್ಲ. ಫಾಲ್ಗುಣದ ಬಿಸಿಲಿಗೆ ನೀರು ಕಾಯತೊಡಗಿದಂತೆ ಹಸಿವು ತೆರೆಯುತ್ತದೆ. ಜೊತೆಗೆ ಮಳೆಗಾಲದ ಕೆಂಪು ನೀರು ಅಷ್ಟು ಹೊತ್ತಿಗೆ ತಿಳಿಯಾಗಿ, ಹಳ್ಳದ ಹರಿವು ನಿಂತು, ಕೆರೆ ದಿನೇ ದಿನೇ ಕುಗ್ಗುತ್ತಿರುತ್ತದೆ. ಕಾರ್ತಿಕದಲ್ಲಿ ನೂರು ಎಕರೆಯಲ್ಲಿ ಚದುರಿಹೋಗಿದ್ದ ಮೀನು ಈಗ ಅರುವತ್ತು ಎಕರೆಯಲ್ಲಿದೆ. ಯುಗಾದಿ ಕಳೆದು ವೈಶಾಖಕ್ಕೆ ಬಂದರೆ ಆಟ ಮತ್ತೆ ಕೆಡುತ್ತದೆ. ಬಿಸಿನೀರು ಆಮ್ಲಜನಕವನ್ನು ಹೆಚ್ಚು ಹಿಡಿದಿಟ್ಟುಕೊಳ್ಳಲಾರದು. ಹಗಲೆಲ್ಲ ಮೀನು ತಳದ ತಂಪಿನಲ್ಲಿ ಬಾಯಿ ಬಿಡುತ್ತ ಬಿದ್ದಿರುತ್ತದೆ. ಹಾಗಾಗಿ ಹೊಂಗೆ ಹಳೆ ಎಲೆ ಉದುರಿಸಿ ಹೊಸ ಚಿಗುರು ತೊಡುವ ಈ ಒಂದೂವರೆ ತಿಂಗಳೇ ಗಾಳದವನ ಸುಗ್ಗಿ.

ಮಲೆನಾಡಿನವರು ಈ ಮಾತಿಗೆ ನಗಬಹುದು. ಅವರಿಗೆ ಮೀನಿನ ಹಬ್ಬ ಎಂದರೆ ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನು. ಇಲ್ಲವೇ ಬೇಸಿಗೆ ಕೊನೆಯಲ್ಲಿ ಸೊರಬ, ಸಾಗರ, ಸಿದ್ಧಾಪುರದ ಕಡೆ ಊರಿಗೆ ಊರೇ ಕೂಣಿ ಹಿಡಿದು ಕೆಸರಿಗಿಳಿಯುವ ಕೆರೆಬೇಟೆ. ತಳವಿಲ್ಲದ ಆ ಬಿದಿರಿನ ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಹಾಕಿ ಮೀನು ತಡಕುವುದರಲ್ಲಿ ಗಲಾಟೆಯ ಸುಖವಿದೆ, ಒಪ್ಪುತ್ತೇನೆ. ಆದರೆ ಅದು ಜಾತ್ರೆ. ಗಾಳ ಹಾಕುವುದು ಒಂಟಿ ಪೂಜೆ.

ಸಾಮಾನು ನೋಡಿದರೆ ಹೀಗೂ ಒಂದು ಕಸುಬೇ ಅನ್ನಿಸಬೇಕು: ಕೋಲು, ದಾರ, ಬೆಂಡು, ಸೀಸ, ಮುಳ್ಳು. ಇಷ್ಟೇ. ತಾತನ ಕೋಲು ಹನ್ನೆರಡು ಅಡಿಯ ಕಿರುಬಿದಿರು. ಕಿರುಬಿದಿರಿನ ಒಳಗೆ ಟೊಳ್ಳು ಕಡಿಮೆ, ತುದಿಯ ಕಡೆಗಂತೂ ಇಲ್ಲವೆಂದೇ ಹೇಳಬೇಕು; ಬಗ್ಗುತ್ತದೆ, ಮುರಿಯುವುದಿಲ್ಲ. ಅಮಾವಾಸ್ಯೆಯ ಹಿಂದುಮುಂದು ಕಡಿದರೆ ಹುಳ ಹತ್ತುವುದಿಲ್ಲ ಎಂದು ಅವರ ನಂಬಿಕೆ. ತಿಥಿಯ ವಿಷಯ ನನಗೆ ಗೊತ್ತಿಲ್ಲ, ಬಿದಿರಿನಲ್ಲಿ ಹಿಟ್ಟಿನಂಶ ಕಡಿಮೆಯಿದ್ದಷ್ಟೂ ಕುಟ್ಟೆಹುಳಕ್ಕೆ ಮೇವು ಕಡಿಮೆ ಎಂಬುದು ನಿಜ. ಕಡಿದದ್ದನ್ನು ಮನೆಯೊಳಗೆ ನೆರಳಲ್ಲಿ ತಿಂಗಳಿಟ್ಟು, ಸೊಟ್ಟ ಇದ್ದ ಗಿಣ್ಣಿಗೆ ಹೊಂಗೆ ಎಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡುವರು. ಬಿಸಿ ಆರುವವರೆಗೂ ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ಅದು ತನ್ನ ಹಳೇ ಚಾಳಿಗೇ ಹೋಗುತ್ತದೆ.

ದಾರ ಈಗ ಎಲ್ಲರದ್ದೂ ನೈಲಾನು, ಕೆಲವು ಕಡೆ ತಂಗೂಸಿ ಎನ್ನುತ್ತಾರೆ. ಅದನ್ನು ಮುಳ್ಳಿಗೆ ಕಟ್ಟುವ ಗಂಟು ನೋಡುವಂಥದ್ದು. ಮುಳ್ಳಿನ ಕಣ್ಣಿನೊಳಗೆ ದಾರ ತೂರಿಸಿ, ತುದಿಯನ್ನು ದಾರದ ಸುತ್ತಲೇ ಐದಾರು ಸುತ್ತು ಹೊಸೆದು, ಮೊದಲ ಕುಣಿಕೆಯೊಳಗೆ ಹಿಂದಕ್ಕೆ ತರಬೇಕು. ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಿಯಾರು. ಎಳೆದು ಬಿಗಿಯುವ ಮುಂಚೆ ತಾತ ಗಂಟನ್ನು ಬಾಯಿಗಿಟ್ಟು ಉಗುಳಿನಲ್ಲಿ ನೆನೆಸುತ್ತಿದ್ದರು. ಶಕುನದ ಮಾತಿರಬೇಕು ಎಂದುಕೊಂಡಿದ್ದೆ. ಒಣ ನೈಲಾನು ಬಿಗಿಯುವಾಗ ಉಜ್ಜಾಡಿ ಕಾಯುತ್ತದೆ, ಕಾದಲ್ಲಿ ದಾರ ಸೋಲುತ್ತದೆ, ದೊಡ್ಡ ಮೀನು ಸಿಕ್ಕಾಗ ಅದೇ ಜಾಗದಲ್ಲಿ ಪಟ್ಟನೆ ಕಡಿಯುತ್ತದೆ ಎಂದು ತಿಳಿದದ್ದು ನಾನೇ ಎರಡು ಮೀನು ಕಳೆದುಕೊಂಡ ಮೇಲೆ.

ಇನ್ನು ಬೆಂಡು. ಜೋಳದ ದಂಟಿನ ತಿರುಳು ಹಿಂದಿನವರ ಬೆಂಡು. ಹಗುರ, ಪುಕ್ಕಟೆ, ಆದರೆ ಎರಡು ದಿನಕ್ಕೆ ನೀರು ಕುಡಿದು ಭಾರವಾಗುತ್ತದೆ. ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿದ ಬೆಂಡು ಹುಡುಗರದ್ದು. ಮುಳುಗುವುದೇ ಇಲ್ಲ, ಹಾಗಾಗಿ ಏನನ್ನೂ ಹೇಳುವುದೂ ಇಲ್ಲ. ತಾತನದು ಬಿದ್ದು ಸಿಕ್ಕ ನವಿಲುಗರಿಯ ದಂಟಿನ ಬುಡ, ಒಂದು ಗೇಣು ಉದ್ದ, ತುದಿಗೆ ಕೆಂಪು ಬಣ್ಣ. ಅದನ್ನು ನೀರಿನಲ್ಲಿ ನಿಲ್ಲಿಸುವುದೇ ಅರ್ಧ ವಿದ್ಯೆ. ಕೆಳಗೆ ದಾರಕ್ಕೆ ಸೀಸದ ಕಾಳುಗಳನ್ನು ಒಂದೊಂದಾಗಿ ಕಚ್ಚಿಸುತ್ತ, ನೀರಿಗೆ ಬಿಟ್ಟು ನೋಡುತ್ತ, ಕೊನೆಗೆ ಒಂದು ಭತ್ತದ ಕಾಳಿನಷ್ಟು ತುದಿ ಮಾತ್ರ ಮೇಲೆ ಉಳಿಯುವ ಹಾಗೆ ತೂಗಿಸಬೇಕು. ಹಾಗೆ ತೂಗಿಸಿದ ಬೆಂಡನ್ನು ಕೆಳಗೆ ಎಳೆಯಲು ಮೀನಿಗೆ ಬಲವೇ ಬೇಕಿಲ್ಲ, ಅದು ಎರೆಯ ಹತ್ತಿರ ಬಂದು ಉಸಿರಾಡಿದರೂ ಮೇಲೆ ಸುದ್ದಿ ಮುಟ್ಟುತ್ತದೆ. (ತಾತ ಸೀಸವನ್ನು ಹಲ್ಲಿನಲ್ಲೇ ಕಚ್ಚುತ್ತಿದ್ದರು. ಸೀಸ ವಿಷ, ಇಕ್ಕಳ ಬಳಸಿ.)

ಎರೆ ಎನ್ನುವ ಶಬ್ದವೇ ಒಂದು ಪಾಠ. ಹಕ್ಕಿ, ಹಾವು, ಮೀನುಗಳ ಆಹಾರಕ್ಕೆ ಕನ್ನಡದಲ್ಲಿ ಎರೆ ಎಂದೇ ಹೆಸರು. ಗಾಳಕ್ಕೆ ಸಿಕ್ಕಿಸುವುದೂ ಎರೆ, ಮಣ್ಣಿನ ಹುಳುವೂ ಎರೆ. ಮೀನಿಗೆ ಯಾವುದು ಊಟವೋ ಅದನ್ನು ಕೊಡು ಎನ್ನುವುದಷ್ಟೇ ಅಲ್ಲಿರುವ ಉಪದೇಶ. ಎರೆಹುಳುವನ್ನು ಬಚ್ಚಲ ನೀರು ಹರಿಯುವ ಬಾಳೆ ಬುಡದಲ್ಲಿ ಅಗೆದು, ಒದ್ದೆ ಮಣ್ಣಿನ ಜೊತೆ ತೆಂಗಿನ ಚಿಪ್ಪಿನಲ್ಲಿ ಹಾಕಿಕೊಂಡು ಹೋಗುವುದು ಎಲ್ಲರಿಗೂ ಗೊತ್ತು. ಗೆಂಡೆ, ರೋಹುಗಳಿಗೆ ಹಿಟ್ಟಿನ ಎರೆ ಬೇಕು. ತಾತನ ಮನೆಯಲ್ಲಿ ಅಜ್ಜಿಯೇ ಅದನ್ನು ಕಟ್ಟುತ್ತಿದ್ದರು. ರಾಗಿಹಿಟ್ಟು ಎರಡು ಪಾಲು, ಮೈದಾ ಒಂದು ಪಾಲು, ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಒಂದು ಹಿಡಿ, ಚೂರು ಬೆಲ್ಲ, ಕುಟ್ಟಿದ ಸೋಂಪು. ಮುದ್ದೆಯ ಹಾಗೆ ಬೇಯಿಸಿ, ಇಳಿಸಿ, ಕೈಗೆ ಅಂಟದ ತನಕ ಮಿದಿಯಬೇಕು. ಕಡೆಯಲ್ಲಿ ಬಿಡಿಸಿದ ಹತ್ತಿಯ ಎಳೆಗಳನ್ನು ಒಂದು ಚಿಟಿಕೆ ಸೇರಿಸುತ್ತಿದ್ದರು. ಅದೇ ಗುಟ್ಟು. ಹತ್ತಿಯಿಲ್ಲದ ಉಂಡೆ ಐದು ನಿಮಿಷಕ್ಕೆ ನೀರಲ್ಲಿ ಕರಗಿ ಮುಳ್ಳು ಬೋಳಾಗುತ್ತದೆ. ಹತ್ತಿ ಹೆಚ್ಚಾದರೆ ಉಂಡೆ ಕರಗುವುದೇ ಇಲ್ಲ, ಕರಗದಿದ್ದರೆ ವಾಸನೆ ಹರಡುವುದಿಲ್ಲ, ವಾಸನೆ ಹರಡದಿದ್ದರೆ ಮೀನು ಬರುವುದಿಲ್ಲ. ಅಜ್ಜಿ ಒಂದು ಉಂಡೆಯನ್ನು ಲೋಟದ ನೀರಿಗೆ ಹಾಕಿ, ಮುಸುರೆ ತಿಕ್ಕಿ ಮುಗಿಸಿ ಬಂದು ನೋಡುತ್ತಿದ್ದರು. ಅಂಚು ಮಾತ್ರ ಮಸುಕಾಗಿ ನಡುವೆ ಗಟ್ಟಿ ಇದ್ದರೆ, "ತಗೊಂಡೋಗಿ" ಎನ್ನುವರು.

ಹಿಂದಿನ ಸಂಜೆಯೇ ಜಾಗಕ್ಕೆ ಮೇವು ಹಾಕಿ ಬರುವ ವಾಡಿಕೆಯೂ ಇತ್ತು. ತವುಡು, ಹಿಂಡಿ, ಜೇಡಿಮಣ್ಣು ಕಲಸಿ ತೆಂಗಿನಕಾಯಿ ಗಾತ್ರದ ಉಂಡೆ ಕಟ್ಟಿ, ನಾಳೆ ಗಾಳ ಬೀಳುವ ಕಡೆ ಎರಡು ಮೂರು ಎಸೆಯುವುದು. ಇದು ಬೆಸ್ತರ ಬೀದಿಯ ಕಂಡುಹಿಡಿತ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆಮೇಲೆ ನೋಡಿದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಸೋಮೇಶ್ವರ ಪಟ್ಟಕ್ಕೆ ಬಂದದ್ದು 1127ರಲ್ಲಿ, ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಅವನ ರಾಜಧಾನಿ. ರಾಜನಾದವನು ಹೇಗೆ ಕಾಲ ಕಳೆಯಬೇಕೆಂದು ಹೇಳುವ ಆ ಗ್ರಂಥ ಆನೆ, ಕುದುರೆ, ಸಂಗೀತ, ಅಡುಗೆಯ ಜೊತೆಗೆ ಗಾಳವನ್ನೂ ಕೂರಿಸಿದೆ: ದಾರ ಯಾವುದು, ಕೋಲು ಹೇಗಿರಬೇಕು, ಹುರುಪೆಯುಳ್ಳ ಮೀನು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಮೇವಿನ ಉಂಡೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ವಿವರವಾಗಿ ಬರೆದ ಮೇಲೆ ಮೀನು ವಿಜ್ಞಾನದವರ ಕಣ್ಣು ಅದರ ಮೇಲೆ ಬಿತ್ತು. ತಾತನಿಗೆ ಹೇಳಿದಾಗ, "ದೊರೆಗೆ ಹಿಂಡಿ ಕಲಸಿಕೊಡೋರು ನಮ್ಮೋರೇ ಇದ್ದಿರ್ತಾರೆ" ಎಂದು ಬೀಡಿ ಹಚ್ಚಿದರು. ಇದ್ದರೂ ಇದ್ದಿರಬಹುದು.

ಎಲ್ಲಿ ಕೂರಬೇಕು ಎನ್ನುವುದು ಗಡಿಯಾರದ ಮೇಲೆ ನಿಂತ ವಿಷಯ. ಬೆಳಗಿನ ಜಾವ ಮೀನು ತೂಬಿನ ಆಳದಲ್ಲಿರುತ್ತದೆ, ಕೆರೆಯಲ್ಲಿ ಎಲ್ಲಕ್ಕಿಂತ ಆಳ ಅಲ್ಲೇ. ಬಿಸಿಲು ಏರಿದಂತೆ ಅಂಗಳದ ಕಡೆಯ ತೆಳುನೀರು ಮೊದಲು ಬೆಚ್ಚಗಾಗುತ್ತದೆ. ಎಂಟು ಒಂಬತ್ತಕ್ಕೆ ಮೀನು ಅತ್ತ ಹೊರಡುತ್ತದೆ. ಏರಿಯ ಒಳಮೈಗೆ ಜೋಡಿಸಿದ ಕಲ್ಲುಗಳೂ ಬಿಸಿಲು ಕುಡಿದು ಸುತ್ತಲಿನ ನೀರನ್ನು ಕಾಯಿಸುತ್ತವೆ, ಅವುಗಳ ಮೇಲಿನ ಪಾಚಿಗೆ ಗೆಂಡೆ ಬಂದು ಬಾಯಿಯಾಡಿಸುತ್ತದೆ. ಗಾಳಿ ಬೀಸುತ್ತಿದ್ದರೆ ಅದಕ್ಕೆ ಬೆನ್ನು ಮಾಡಿ ಹಾಯಾಗಿ ಕೂರುವವನಿಗೆ ಮೀನಿಲ್ಲ. ಗಾಳಿ ಮೇಲ್ನೀರನ್ನೂ ಅದರಲ್ಲಿ ತೇಲುವ ತಿನಿಸನ್ನೂ ಯಾವ ದಡಕ್ಕೆ ತಳ್ಳುತ್ತದೋ ಆ ದಡದಲ್ಲಿ, ಮುಖಕ್ಕೆ ಗಾಳಿ ಹೊಡೆಸಿಕೊಂಡು ಕೂರಬೇಕು.

ದಡದ ತಿಳಿನೀರಿನಲ್ಲಿ ತಟ್ಟೆಯಗಲದ ಗುಂಡನೆಯ ಗುಳಿಗಳು ಸಾಲಾಗಿ ಕಂಡರೆ ಅವು ಜಿಲೇಬಿ ಮೀನಿನ ಗೂಡು. ಗಂಡು ಗುಳಿ ತೋಡುತ್ತದೆ, ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಮತ್ತೆ ಬಾಯೊಳಗೇ ತುಂಬಿಕೊಂಡು ಮರಿ ಮಾಡುತ್ತದೆ. ಆಫ್ರಿಕಾದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಈಗ ಅದಿಲ್ಲದ ಕೆರೆ ಹುಡುಕಬೇಕು. ಬೆಳ್ಳಕ್ಕಿ ಎಲ್ಲಿ ನಿಂತಿದೆ, ನೀರುಕಾಗೆ ಎಲ್ಲಿ ಮುಳುಗುತ್ತಿದೆ ಎಂಬುದನ್ನೂ ತಾತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಬಕಧ್ಯಾನ ಎಂಬ ಮಾತನ್ನು ನಾವು ಬೈಗುಳವಾಗಿ ಬಳಸುತ್ತೇವೆ. ಅವರು ಬಕವನ್ನು ಸಹೋದ್ಯೋಗಿಯ ಹಾಗೆ ನೋಡುತ್ತಿದ್ದರು.

ಈಗ ಬೆಂಡಿನ ಮಾತಿಗೆ ಬರೋಣ. ಇದಕ್ಕಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು.

ಬೆಂಡು ಟಕ ಟಕ ಟಕ ಎಂದು ನಿಂತಲ್ಲೇ ಕುಣಿದರೆ ಅದು ಪಕ್ಕೆ ಮೀನು, ಇಲ್ಲವೇ ಜಿಲೇಬಿ ಮರಿ. ಎರೆಯ ಬಾಲವನ್ನು ಕಿತ್ತು ಕಿತ್ತು ತಿನ್ನುತ್ತಿದೆ. ಇದಕ್ಕೆ ಕೋಲು ಎತ್ತುವವನು ದಿನವಿಡೀ ಬರೀ ಮುಳ್ಳನ್ನೇ ಎತ್ತುತ್ತಾನೆ. ರೋಹು ಬಂದರೆ ಬೆಂಡು ಸಣ್ಣಗೆ ನಡುಗುತ್ತದೆ, ದೂರದ ರಸ್ತೆಯಲ್ಲಿ ಲಾರಿ ಹೋದರೆ ಲೋಟದ ನೀರು ನಡುಗುವ ಹಾಗೆ. ಆಮೇಲೆ ಒಂದು ಬಿಡುವು. ಆ ಬಿಡುವಿನಲ್ಲಿ ಹೊಸಬರ ಕೈ ತುರಿಸುತ್ತದೆ. ತುಟಿಯಲ್ಲಿ ಉಂಡೆಯನ್ನು ತಡವಿ ನೋಡಿದ ಮೀನು ಈಗ ಅದನ್ನು ಒಳಗೆ ತೆಗೆದುಕೊಳ್ಳುತ್ತದೆ, ಬೆಂಡು ಓರೆಯಾಗಿ, ಅವಸರವಿಲ್ಲದೆ ಜಾರುತ್ತದೆ. ಎತ್ತಬೇಕಾದದ್ದು ಅದು ಜಾರುವಾಗ.

ಕಾಟ್ಲದ್ದು ಬೇರೆಯೇ ರೀತಿ. ಅದರ ಬಾಯಿ ಮೇಲ್ಮುಖವಾಗಿದೆ, ಮೇಲ್ನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು ಅದು. ಕಚ್ಚುವ ಅಭ್ಯಾಸವೇ ಇಲ್ಲ, ಹೀರುತ್ತದೆ. ಐದು ಕಿಲೋ ಕಾಟ್ಲ ಉಂಡೆಯನ್ನು ಹೀರಿದರೂ ಬೆಂಡು ಒಂದು ಜೋಳದ ಕಾಳಿನಷ್ಟು ತಗ್ಗುತ್ತದೆ, ಅಷ್ಟೇ. ಅರೆಕ್ಷಣಕ್ಕೆ ಮತ್ತೆ ಮೇಲೆ. ಗಾಳಿಗೆ ಅಲೆ ಎದ್ದಿದ್ದರೆ ಅದು ಕಾಣುವುದೇ ಇಲ್ಲ. ಕೆರೆಯ ಅತಿ ದೊಡ್ಡ ಮೀನು ಅತಿ ಸಣ್ಣ ಸುದ್ದಿ ಕಳಿಸುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗು.

ಗೆಂಡೆ ಇನ್ನೂ ವಿಚಿತ್ರ. ಎಲ್ಲ ಮೀನೂ ಬೆಂಡನ್ನು ಮುಳುಗಿಸಿದರೆ ಗೆಂಡೆ ಅದನ್ನು ಮೇಲೆ ಎಬ್ಬಿಸುತ್ತದೆ. ಭತ್ತದ ಕಾಳಿನಷ್ಟು ಕಾಣುತ್ತಿದ್ದ ತುದಿ ಬೆರಳುದ್ದ ಏಳುತ್ತದೆ, ಇನ್ನೂ ಏಳುತ್ತದೆ, ಕೊನೆಗೆ ನೀರಿನ ಮೇಲೆ ಅಡ್ಡ ಮಲಗಿಬಿಡುತ್ತದೆ. ಮೊದಲ ಸಲ ನೋಡಿದಾಗ ನಾನು ದಾರ ಕಡಿಯಿತೆಂದುಕೊಂಡೆ. ನಡೆಯುವುದಿಷ್ಟು: ಗೆಂಡೆ ತಲೆ ಕೆಳಗಾಗಿ ತಳದ ಕೆಸರನ್ನು ಹೀರುತ್ತ ಮೇಯುತ್ತದೆ. ಉಂಡೆ ಬಾಯಿಗೆ ಬಂದ ಮೇಲೆ ಮೈ ನೆಟ್ಟಗೆ ಮಾಡಿಕೊಳ್ಳುವಾಗ ಪಕ್ಕದಲ್ಲಿದ್ದ ಸೀಸವೂ ಜೊತೆಗೆ ಏಳುತ್ತದೆ. ಕೆಳಗಿನ ಭಾರ ಹೋದ ಕೂಡಲೇ ಬೆಂಡು ತೇಲಿ ಮಲಗುತ್ತದೆ. ಅದಕ್ಕೇ ಗೆಂಡೆಗೆ ಗಾಳ ಹಾಕುವಾಗ ನೀರಿನ ಆಳವನ್ನು ಬೆರಳಳತೆಯಲ್ಲಿ ಅಳೆದು, ಕೊನೆಯ ಸೀಸದ ಕಾಳು ತಳಕ್ಕೆ ತಾಗಿಯೂ ತಾಗದಂತೆ ಬೆಂಡನ್ನು ಸರಿಸಿ ಕಟ್ಟಬೇಕು. ಅರ್ಧ ಗೇಣು ಹೆಚ್ಚುಕಡಿಮೆಯಾದರೆ ಗೆಂಡೆ ಬಂದು, ತಿಂದು, ಹೋದದ್ದು ಮೇಲಿದ್ದವನಿಗೆ ಗೊತ್ತಾಗುವುದೇ ಇಲ್ಲ.

ಕೊರವನಿಗೆ ಬೆಂಡೇ ಬೇಡ. ಕೆಲವರು ಕುಚ್ಚು ಎನ್ನುತ್ತಾರೆ, ದೊಡ್ಡ ಜಾತಿಯದ್ದಕ್ಕೆ ಹೂವಿನ ಮೀನು ಎಂದು ಚೆಲುವಾದ ಹೆಸರಿದೆ. ಇವು ಗಾಳಿ ಕುಡಿಯುವ ಮೀನುಗಳು. ಜೊಂಡಿನ ನಡುವೆ ಆಗಾಗ ಗುಳುಕ್ ಎಂದು ಗುಳ್ಳೆ ಎದ್ದರೆ ಅಲ್ಲಿ ಒಬ್ಬ ಇದ್ದಾನೆ ಎಂದರ್ಥ. ಜೊಂಡಿನ ಅಂಚಿನಲ್ಲಿ ಮುಳ್ಳಿಗೆ ಸಿಕ್ಕಿಸಿದ ಕಪ್ಪೆಯನ್ನು ನೀರ ಮೇಲೆ ಪಟಪಟ ಆಡಿಸುತ್ತ ಎಳೆಯಬೇಕು. ನೀರು ಒಡೆದು ಕೊರವ ಎರಗುತ್ತದೆ. ಆಗ ಸೆಳೆದರೆ ಬಂದದ್ದು ಬರೀ ಕಪ್ಪೆ. ಹಿಡಿದ ಬೇಟೆಯನ್ನು ಅದು ಜೊಂಡಿನೊಳಗೆ ಒಯ್ದು ಬಾಯಲ್ಲಿ ತಿರುಗಿಸಿ ನುಂಗುವವರೆಗೆ ದಾರ ಬಿಟ್ಟುಕೊಡಬೇಕು. ತಾತ ಈ ಹೊತ್ತಿನಲ್ಲಿ ಬಾಯೊಳಗೇ ಏನೋ ಎಣಿಸುತ್ತಿದ್ದರು. ಎಷ್ಟರವರೆಗೆ ಎಂದು ಕೇಳಿದರೆ, "ಅದು ನುಂಗೋವರ್ಗೂ." ಈಗಿನ ಹುಡುಗರು ರಬ್ಬರಿನ ಕಪ್ಪೆ ಬಳಸುತ್ತಾರೆ. ರಬ್ಬರನ್ನು ಯಾವ ಮೀನೂ ನುಂಗುವುದಿಲ್ಲವಾದ್ದರಿಂದ ಎಣಿಕೆ ಕಡಿಮೆ. ಜೀವಂತ ಕಪ್ಪೆಗೆ ಚುಚ್ಚುವುದು ತಪ್ಪಿದ್ದು ನನಗಂತೂ ಸಮಾಧಾನ.

ಕೊರವನ ಬಗ್ಗೆ ತಾತನ ಒಂದು ಕಟ್ಟಳೆ ಇತ್ತು. ನೀರಿನ ಮೇಲೆ ಅಂಗೈಯಗಲದಲ್ಲಿ ಕೆಂಪನೆಯ ಮರಿಗಳ ಹಿಂಡು ಬುಳುಬುಳು ಎನ್ನುತ್ತಿದ್ದರೆ ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಏನು ಎಸೆದರೂ ಸಿಟ್ಟಿನಿಂದ ಎರಗುತ್ತವೆ. ಹಿಡಿಯುವುದು ಅತಿ ಸುಲಭ. ಹಾಗಾಗಿ ಅಲ್ಲಿ ಗಾಳ ಹಾಕುವಂತಿಲ್ಲ.

ಸೆಳೆಯುವುದೆಂದರೆ ಎಳೆಯುವುದಲ್ಲ ಎಂಬುದನ್ನೂ ಹೇಳಬೇಕು. ಮಣಿಕಟ್ಟಿನಿಂದ ಒಂದು ಕೊಡವು, ಒದ್ದೆ ಕೈಯ ನೀರು ಕೊಡವುವಷ್ಟು. ಮುಳ್ಳು ತುಟಿಗೆ ನಾಟಿದ ಮೇಲೆ ಕೋಲನ್ನು ಎತ್ತಿ ಹಿಡಿದು ಮೀನನ್ನು ಆಡಿಸಬೇಕು. ನಮ್ಮ ಕೋಲಿಗೆ ರಾಟೆಯಿಲ್ಲ, ಬಿಟ್ಟುಕೊಡಲು ಹೆಚ್ಚಿನ ದಾರವಿಲ್ಲ, ಆದ್ದರಿಂದ ಮೀನು ಓಡಿದ ಕಡೆ ದಡದ ಮೇಲೆ ನಾವೂ ನಡೆಯಬೇಕು. ದೊಡ್ಡ ಗೆಂಡೆಯೊಂದು ತಾತನನ್ನು ತೂಬಿನಿಂದ ಕೋಡಿಯವರೆಗೆ ನಡೆಸಿಕೊಂಡು ಹೋಗಿ ವಾಪಸ್ಸು ಕರೆತಂದದ್ದನ್ನು ನಾನು ಕಂಡಿದ್ದೇನೆ. ಅವರು ಅದರ ಜೊತೆ ಸಂತೆಗೆ ಹೊರಟವರ ಹಾಗೆ ಮಾತಾಡುತ್ತ ನಡೆದರು.

ಮೀನು ದಡಕ್ಕೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಗಿರ್ಲು ಮೀನಿನ ಬೆನ್ನಿನಲ್ಲೊಂದು, ಎರಡು ಪಕ್ಕದಲ್ಲಿ ಎರಡು ಮುಳ್ಳಿವೆ. ಹೆದರಿದಾಗ ಮೂರನ್ನೂ ಸೆಟೆಸಿ ಬೀಗ ಹಾಕಿದಂತೆ ನಿಲ್ಲಿಸುತ್ತದೆ. ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಜಂಬದಿಂದ ಚೇಳುಮೀನನ್ನು ಗಿರ್ಲು ಎಂದು ತಿಳಿದು ಹಿಡಿಯಲು ಹೋದೆ. ಹೆಸರು ಸುಮ್ಮನೆ ಬಂದದ್ದಲ್ಲ, ಅದರ ಮುಳ್ಳಿನಲ್ಲಿ ವಿಷವಿದೆ. ಹೆಬ್ಬೆರಳಿನಿಂದ ಕಂಕುಳವರೆಗೆ ಬೆಂಕಿ ಹತ್ತಿದಂತಾಯಿತು. ಅಜ್ಜಿ ಬೈಯುತ್ತಲೇ ಕೈ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಮುಂಗೈ ಮುಳುಗಿಸಿ ಕೂರಿಸಿದರು. ಆ ವಿಷ ಬಿಸಿಗೆ ಕೆಡುವಂಥದ್ದು, ಹಾಗಾಗಿ ನೋವು ಇಳಿಯಿತು. ಬೈಗುಳ ಮಾತ್ರ ಯುಗಾದಿವರೆಗೂ ನಡೆಯಿತು.

ಕೆರೆಯ ಮೀನು ಕೆರೆಯಲ್ಲೇ ಹುಟ್ಟಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಕಾಟ್ಲ, ರೋಹು, ಮೃಗಾಲ್ ಮೂರೂ ಉತ್ತರದ ಗಂಗೆಯ ಕಡೆಯವು. ಮಳೆಗಾಲದ ಹರಿವ ನದಿಯಿಲ್ಲದೆ ಅವು ಮೊಟ್ಟೆಯಿಡುವುದಿಲ್ಲ. ನಿಂತ ನೀರಿನಲ್ಲಿ ಕೊಬ್ಬುತ್ತವೆ, ಮರಿ ಮಾಡುವುದಿಲ್ಲ. 1957ರ ಜುಲೈನಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ ದೇಶದ ಕೆರೆಗಳಿಗೆ ಮರಿ ಸುಲಭವಾಗಿ ಸಿಗುವಂತಾಯಿತು. ಆ ಮರಿಯನ್ನು ದುಡ್ಡು ಕೊಟ್ಟು ತಂದು ಬಿಟ್ಟವರು ಕೆರೆಯನ್ನು ಹರಾಜಿನಲ್ಲಿ ಹಿಡಿದ ಸಂಘದವರೋ ಗುತ್ತಿಗೆದಾರರೋ ಆಗಿರುತ್ತಾರೆ. ಗಾಳದವನು ಮೊದಲು ಅವರನ್ನು ಕೇಳಬೇಕು. ಒಂದು ಕೋಲಿಗೆ ಬೇಡ ಎಂದವರನ್ನು ನಾನು ಕಂಡಿಲ್ಲ, ಕೇಳದೆ ಕೂತವನ ಕೋಲು ಮುರಿದದ್ದನ್ನು ಕಂಡಿದ್ದೇನೆ.

ಹೊಳೆಯ ಗಾಳ ಇನ್ನೊಂದು ಲೋಕ, ಅದಕ್ಕೆ ಬೇರೆಯೇ ಲೇಖನ ಬೇಕು. ಮಾರ್ಚ್ ಹೊತ್ತಿಗೆ ಕಾವೇರಿ ಇಳಿದು ಬಂಡೆಗಳು ಬೆನ್ನು ತೋರಿಸುತ್ತವೆ, ಮೀನೆಲ್ಲ ಮಡುವಿಗೆ ಸೇರುತ್ತದೆ. ಸೆಳವು ಮಡುವಿಗೆ ಬೀಳುವ ಬಾಯಲ್ಲಿ ಕಾಗೆಮೀನು, ಕೆಮ್ಮೀನು, ರಾತ್ರಿಯಾದರೆ ಬಾಳೆ. ಈ ನೀರಿನ ರಾಜ ಬಿಳಿಮೀನು, ಇಂಗ್ಲಿಷಿನವರು ಮಹಶೀರ್ ಎಂದು ಹುಚ್ಚು ಹಿಡಿಸಿಕೊಂಡ ಮೀನು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ ಭಾರತದ ಗಾಳದ ಬಗ್ಗೆ ದೊಡ್ಡ ಪುಸ್ತಕ ಬರೆದ. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮ ತುಂಬಿಕೊಡುತ್ತಿದ್ದ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು, ಅಂದರೆ 54 ಕಿಲೋ; ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಬಹುಕಾಲ ಅದೇ ದಾಖಲೆ. ಗೂನು ಬೆನ್ನಿನ ಈ ಕಾವೇರಿ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಪಡಿಸಿದ್ದು 2018ರಲ್ಲಿ, ಟಾರ್ ರೆಮದೇವಿ ಎಂದು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಮಗು ಆಸ್ಪತ್ರೆಯಲ್ಲಿದ್ದಂತಾಯಿತು.

ಅದನ್ನು ಅಲ್ಲಿಗೆ ಮುಟ್ಟಿಸಿದ್ದರಲ್ಲಿ ಗಾಳದ ಪಾಲಿಗಿಂತ ಹೊಳೆಗೆ ಸಿಡಿಮದ್ದು ಎಸೆಯುವವರ, ಬ್ಲೀಚಿಂಗ್ ಪುಡಿ ಸುರಿಯುವವರ, ಕರೆಂಟು ಬಿಡುವವರ ಪಾಲು ದೊಡ್ಡದು ಎಂದು ನನ್ನ ತೀರ್ಮಾನ. ಅಣೆಕಟ್ಟು, ಮರಳುಗಾರಿಕೆಗಳ ಲೆಕ್ಕ ಬೇರೆ. ಮದ್ದು ಮೊಟ್ಟೆ, ಮರಿ, ತಾಯಿ ಯಾವುದನ್ನೂ ಬಿಡುವುದಿಲ್ಲ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲಿ, ರಾಮನಾಥಪುರದಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಕಾಪಾಡಿದ ಮಡುಗಳಿವೆ. ಮಹಶೀರ್ ಹೇಗಿರುತ್ತದೆಂದು ನೋಡಬೇಕಾದವರು ಅಲ್ಲಿಗೆ ಪುರಿ ಕೊಂಡುಹೋಗಲಿ, ಕೋಲು ಬೇಡ.

ಅಡುಗೆಯ ವಿಷಯ ಬೆಳೆಸುವುದಿಲ್ಲ. ಕೆರೆಮೀನಿನ ಕೆಸರು ವಾಸನೆಗೆ ಕಲ್ಲುಪ್ಪು, ಹುಣಸೆಹಣ್ಣು ಹಾಕಿ ತಿಕ್ಕಿ ಮೂರು ನೀರಿನಲ್ಲಿ ತೊಳೆಯಬೇಕು. ಸಾರು ಮಾಡಿದ ದಿನಕ್ಕಿಂತ ಮಾರನೇ ಬೆಳಗ್ಗೆ ರುಚಿ ಎನ್ನುವುದು ಮುದ್ದೆ ಉಣ್ಣುವ ಎಲ್ಲರಿಗೂ ಗೊತ್ತು.

ಈ ವರ್ಷ ಶಿವರಾತ್ರಿ ಕಳೆದ ಭಾನುವಾರ ಊರಿಗೆ ಹೋಗಿದ್ದೆ. ತಾತ ಹೋಗಿ ಹನ್ನೊಂದು ವರ್ಷವಾಯಿತು. ತೂಬಿನಿಂದ ಹತ್ತು ಮಾರು ಆಚೆ, ಅವರು ಕೂರುತ್ತಿದ್ದ ಕಲ್ಲಿನ ಮೇಲೆ, ಅವರ ಮೊಮ್ಮಗಳು ಕೂತಿದ್ದಳು. ಮೈಸೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಕೈಯಲ್ಲಿ ರೀಲು ಹಾಕಿದ ಫೈಬರ್ ಕೋಲು, ಅದರ ದಾರಕ್ಕೆ ಮಾತ್ರ ಕೆಂಪು ತುದಿಯ ಹಳೇ ನವಿಲುಗರಿ ಬೆಂಡು. ಪಕ್ಕದಲ್ಲಿ ಕೂತು, "ಏನವ್ವ, ಏನಾದ್ರೂ ಸಿಕ್ತಾ?" ಎಂದೆ. ಅವಳು ತಿರುಗಿಯೂ ನೋಡಲಿಲ್ಲ.

"ಮಾತಾಡ್ಬ್ಯಾಡಿ ಮಾವ, ಏಳ್ತಾ ಅದೆ."

ಭತ್ತದ ಕಾಳಿನಷ್ಟು ಕೆಂಪು ಬೆರಳುದ್ದವಾಯಿತು. ಇನ್ನೂ ಎದ್ದಿತು. ಒಂದು ಕಡೆಗೆ ವಾಲಿ ನೀರಿನ ಮೇಲೆ ನಿಧಾನವಾಗಿ ಮಲಗಿಕೊಂಡಿತು. ಅವಳ ಮಣಿಕಟ್ಟು ಒಮ್ಮೆ ಕೊಡವಿತು.